ಪ್ರಯೋಗಶಾಲೆಯಿಂದ ಹೊರಗೆ: ಗಬ್ಬದ ಕುರಿಗೆ ಚೀಲ ತಂದ ಕಥೆ



ಕಳೆದ ಸಂಚಿಕೆಯಲ್ಲಿ ಗಡಸು ನೀರಿನ ವಿಷಯ ಬರೆದು, ಮುಂದಿನ ಸಲ ಸಾಬೂನಿನ ಬಗ್ಗೆ ಬರೆಯುತ್ತೇವೆಂದು ಮಾತು ಕೊಟ್ಟಿದ್ದೆವು. ಆ ಮಾತನ್ನು ಈ ಸಲ ಮುರಿಯುತ್ತಿದ್ದೇವೆ. ಕಾರಣ ಕುರಿ. ನಗಬೇಡಿ. ಕುರಿ ಸಾಕದ ಸದಸ್ಯರು ಪುಟ ತಿರುವಲೂ ಬೇಡಿ. ನಮ್ಮ ಸಂಘದಲ್ಲಿ ಕುರಿ ಸಾಕುವವರು ಬಹಳ ಮಂದಿ ಇರಲಾರರು. ಆದರೆ ಬೆಲೆ ನೋಡಿ ಚೀಲ ಕೊಳ್ಳದವರು ಯಾರಿದ್ದಾರೆ?

ಉಪ್ಸಾಲಾದ ಹೊರಗೆ ನಾವು ಬಾಡಿಗೆಗಿರುವ ಕೆಂಪು ಮರದ ಮನೆ ಒಂದು ಸಣ್ಣ ಜಮೀನಿನ ಅಂಚಿನಲ್ಲಿದೆ ಎಂಬುದು ಅಲ್ಲಿಗೆ ಊಟಕ್ಕೆ ಬಂದ ಸದಸ್ಯರಿಗೆ ಗೊತ್ತು. ಜಮೀನಿನ ಒಡತಿಗೆ ಎಪ್ಪತ್ತು ದಾಟಿದೆ. ನಮ್ಮ ಮಕ್ಕಳು ಆಕೆಯನ್ನು ಕನ್ನಡದಲ್ಲೇ 'ಅಜ್ಜಿ' ಎನ್ನುತ್ತಾರೆ, ಆಕೆಯೂ ಓಗೊಡುತ್ತಾರೆ. ಅವರ ಬಳಿ ಗಾಟ್‌ಲ್ಯಾಂಡ್ ದ್ವೀಪದ ತಳಿಯ, ಬೂದು ಬಣ್ಣದ ಗುಂಗುರು ಉಣ್ಣೆಯ ಹದಿನೈದು ಹೆಣ್ಣು ಕುರಿಗಳಿದ್ದವು. ಈಗ ಹದಿನಾಲ್ಕಿವೆ. ಆ ಒಂದರ ಕಥೆಯಿಂದಲೇ ಈ ಲೇಖನ ಹುಟ್ಟಿತು.

ಕಳೆದ ವರ್ಷ ಅಜ್ಜಿಗೆ ಮಂಡಿ ನೋವು. ಪೇಟೆಯಿಂದ ಬರುವಾಗ ಕುರಿಗಳಿಗೆ 'ಕ್ರಾಫ್ಟ್‌ಫೂಡರ್' ತನ್ನಿ ಎಂದು ನಮಗೆ ಹೇಳಿದರು. ಅಂದರೆ ಹುಲ್ಲಿನ ಜೊತೆಗೆ ಕೊಡುವ ಶಕ್ತಿಯ ಆಹಾರ. ನಮ್ಮೂರಿನ ಮಾತಿನಲ್ಲಿ ಹಿಂಡಿ-ಬೂಸಾ. ಅಂಗಡಿಯಲ್ಲಿ ನಾಲ್ಕಾರು ಬಗೆಯ ಚೀಲಗಳಿದ್ದವು. ನಾವು ರಸಾಯನ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ದಿನವಿಡೀ ಮಿಲಿಗ್ರಾಮಿನ ಲೆಕ್ಕದಲ್ಲಿ ತೂಗುವವರು. ಅಲ್ಲಿ ಮಾಡಿದ್ದೇನು? ಕಿಲೋಗೆ ಅತಿ ಕಡಿಮೆ ಬೆಲೆಯ ಚೀಲವನ್ನು ಆರಿಸಿ, ಅಜ್ಜಿಗೆ ದುಡ್ಡು ಉಳಿಸಿದೆವೆಂದು ಬೀಗುತ್ತಾ ಮನೆಗೆ ಬಂದೆವು. ಕೊಟ್ಟಿಗೆಯಲ್ಲಿ ಒಣಹುಲ್ಲು ಸೂರಿನವರೆಗೆ ಪೇರಿಸಿತ್ತು. "ಇಷ್ಟೊಂದು ಇದೆಯಲ್ಲ, ಸಾಕು" ಎಂದವರೂ ನಾವೇ.

ಯುಗಾದಿಯ ಬೆಳಿಗ್ಗೆ. ಬೇವಿಲ್ಲದ ಊರಿನಲ್ಲಿ ಒಣಗಿದ ಬೇವನ್ನೇ ಬೆಲ್ಲದೊಡನೆ ಕಲಸುತ್ತಿದ್ದಾಗ ಅಜ್ಜಿಯ ಫೋನು ಬಂತು. ಒಂದು ಕುರಿ ಮಂದೆಯಿಂದ ದೂರ ನಿಂತಿತ್ತು. ಮೇವು ಮುಟ್ಟುತ್ತಿರಲಿಲ್ಲ, ಕಣ್ಣು ಕಾಣದಂತೆ ಗೋಡೆಗೆ ಹಣೆ ಒತ್ತುತ್ತಿತ್ತು. ಬಳಿ ಹೋಗಿ ಬಗ್ಗಿದೆವು. ಅದರ ಉಸಿರಿನಲ್ಲಿ ನಮಗೆ ಬಹಳ ಪರಿಚಯದ ವಾಸನೆ. ಅಸಿಟೋನ್! ಉಗುರು ಬಣ್ಣ ತೆಗೆಯುವ ದ್ರವದ ವಾಸನೆ. ನಾವು ಗಾಜಿನ ಪಾತ್ರೆ ತೊಳೆಯುವುದಕ್ಕೆ ದಿನವೂ ಬಳಸುವ ವಸ್ತು. ಪಶುವೈದ್ಯರು ಬಂದರು, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಹಾಕಿದರು, ರಕ್ತಕ್ಕೆ ಗ್ಲೂಕೋಸ್ ಕೊಟ್ಟರು. ಹೊತ್ತು ಮೀರಿತ್ತು. ಮರುದಿನ ಕುರಿ ಸತ್ತಿತು. ಹೊಟ್ಟೆಯಲ್ಲಿ ಮೂರು ಮರಿಗಳಿದ್ದವು. ನಮ್ಮ ಎಂಟು ವರ್ಷದ ಮಗಳು ಕೇಳಿದ ಪ್ರಶ್ನೆ ಒಂದೇ: "ಹುಲ್ಲು ಅಷ್ಟೊಂದು ಇತ್ತಲ್ಲಾ, ಅದಕ್ಕೆ ಹಸಿವಾಗಿದ್ದು ಹೇಗೆ?"

ಉತ್ತರ ಹೇಳಲು ನಮಗೆ ಒಂದು ವರ್ಷ ಬೇಕಾಯಿತು. ಈಗ ಹೇಳುತ್ತೇವೆ.

ಕುರಿಯ ಗಬ್ಬದ ಅವಧಿ ಸುಮಾರು 147 ದಿನ, ಅಂದರೆ ಐದು ತಿಂಗಳಿಗೆ ಕೊಂಚ ಕಡಿಮೆ. ಮೊದಲ ಮೂರೂವರೆ ತಿಂಗಳು ಮರಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಹುಟ್ಟುವಾಗಿನ ತೂಕದ ಮೂರರಲ್ಲಿ ಎರಡು ಪಾಲು ಬರುವುದು ಕೊನೆಯ ಆರು ವಾರಗಳಲ್ಲಿ. ಎರಡು ಮರಿ ಹೊತ್ತ ಕುರಿಗೆ ಆ ಆರು ವಾರಗಳಲ್ಲಿ ಬೇಕಾಗುವ ಶಕ್ತಿ ಒಂದೂವರೆ ಪಟ್ಟಿನಷ್ಟಾಗುತ್ತದೆ. ಅದೇ ಹೊತ್ತಿಗೆ ಗರ್ಭ ಹೊಟ್ಟೆಯನ್ನು ಒತ್ತಿ, ಹುಲ್ಲಿಗೆ ಇರುವ ಜಾಗ ಕಡಿಮೆಯಾಗುತ್ತದೆ. ಬೇಡಿಕೆ ಏರುತ್ತದೆ, ಚೀಲ ಕಿರಿದಾಗುತ್ತದೆ. ಹುಲ್ಲಿನ ಬಣವೆ ಎಷ್ಟು ದೊಡ್ಡದಾದರೇನು?

ಮರಿಗಳಿಗೆ ಬೇಕಾದುದು ಗ್ಲೂಕೋಸ್. ಅದು ಮೇವಿನಿಂದ ಸಾಲದೆ ಹೋದರೆ ತಾಯಿ ತನ್ನ ಮೈಯ ಕೊಬ್ಬನ್ನು ಕರಗಿಸುತ್ತಾಳೆ. ಕೊಬ್ಬು ಈಲಿಗೆ, ಅಂದರೆ ಪಿತ್ತಜನಕಾಂಗಕ್ಕೆ, ರಾಶಿರಾಶಿಯಾಗಿ ಬಂದಾಗ ಅದನ್ನು ಪೂರ್ತಿ ಉರಿಸಲು ಆಗದೆ ಕೀಟೋನುಗಳು ಉಳಿಯುತ್ತವೆ. ಅಸಿಟೋನ್ ಅವುಗಳಲ್ಲೊಂದು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರ ಉಸಿರಿನಲ್ಲಿ ವೈದ್ಯರು ಗುರುತಿಸುವುದೂ ಇದೇ ವಾಸನೆಯನ್ನು. ರಕ್ತ ಹುಳಿಯಾಗುತ್ತದೆ, ಮಿದುಳು ಮಂಕಾಗುತ್ತದೆ, ಕುರಿ ಮೇವು ಬಿಡುತ್ತದೆ. ಮೇವು ಬಿಟ್ಟಷ್ಟೂ ಕೊಬ್ಬು ಕರಗುತ್ತದೆ. ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ ತಿರುಗಿ ಬರುವ ದಾರಿ ಬಹಳ ಕಿರಿದಾಗಿರುತ್ತದೆ. ತೀರ ಬಡಕಲು ಕುರಿಗೂ ತೀರ ಕೊಬ್ಬಿದ ಕುರಿಗೂ ಈ ಅಪಾಯ ಇದೆ.

ನಮ್ಮ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಬೇರೆಯೇ. ನಮ್ಮ ತಾಯಿಯ ತವರು ಶಿರಾ ಸೀಮೆ. ತಾತನಿಗೆ ಕುರಿ ರೊಪ್ಪ ಇತ್ತು. "ಗಬ್ಬದ ಕುರಿಗೆ ಹುರುಳಿ ನೆನೆಸಿ ಹಾಕಿದ್ಯಾ? ಹೊಟ್ಟೇಲಿ ಎಷ್ಟು ಮರಿ ಅಂತ ನೋಡಿದ್ಯಾ? ಬೆನ್ನು ಮುಟ್ಟಿ ನೋಡಿದ್ಯಾ?" ಮೂರು ಪ್ರಶ್ನೆ. ಮೂರಕ್ಕೂ ಇಲ್ಲವೆಂದೇ ಹೇಳಬೇಕಾಯಿತು. ತಾತ ಬೇಸಗೆಯಲ್ಲಿ ದೋಟಿ ಹಿಡಿದು ಜಾಲಿ ಮರದ ಕಾಯಿ ಉದುರಿಸುತ್ತಿದ್ದರು; ಈಯುವ ಕುರಿಗೆ ಒಂದು ಹಿಡಿ ಹುರುಳಿ, ಇದ್ದರೆ ಕಡ್ಲೆಕಾಯಿ ಹಿಂಡಿ. ರಾಸಾಯನಿಕವಾಗಿ ನೋಡಿದರೆ ಎಲ್ಲವೂ ಸಸಾರಜನಕ ತುಂಬಿದ ವಸ್ತುಗಳೇ. ಒಣಹುಲ್ಲಿನಲ್ಲಿ ಇಲ್ಲದ್ದನ್ನು ಅವು ತುಂಬುತ್ತಿದ್ದವು. ಆದರೆ ನಮ್ಮ ದಖನಿ ಕುರಿ ಸಾಮಾನ್ಯವಾಗಿ ಹಾಕುವುದು ಒಂದೇ ಮರಿ. ಅದಕ್ಕೆ ಒಂದು ಹಿಡಿ ಸಾಕು. ಇಲ್ಲಿನ ಕುರಿಗೆ ಎರಡು ಮರಿ ಮಾಮೂಲು, ಮೂರು ಅಪರೂಪವಲ್ಲ. ಆದುದರಿಂದ ಅವ್ವನ ಪ್ರಶ್ನೆಗಳು ಇಲ್ಲಿಗೂ ಸರಿ, ಹಿಡಿಯ ಲೆಕ್ಕ ಮಾತ್ರ ಇಲ್ಲಿಗೆ ಸಾಲದು.

ಈ ವರ್ಷ ಅಜ್ಜಿ ಮತ್ತೆ ನಮ್ಮನ್ನೇ ಕೇಳಿದರು: "ಮೇವಿನ ಚೀಲ ನೀವೇ ತರುತ್ತೀರಲ್ಲ?" ಹೋದ ವರ್ಷದ ಮಾತು ಎತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಈ ಸಲ ಅಂಗಡಿಗೆ ಹೋಗುವ ಮುಂಚೆ ಮೂರು ಕೆಲಸ ಮಾಡಿದೆವು.

ಮೊದಲನೆಯದು, ಹುಲ್ಲಿನ ಪರೀಕ್ಷೆ. ಬಣವೆಯ ಹತ್ತಾರು ಕಡೆಗಳಿಂದ ಸ್ವಲ್ಪ ಸ್ವಲ್ಪ ಕಿತ್ತು, ಬೆರೆಸಿ, ಮೇವು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಹುಲ್ಲನ್ನು ಎಳೆಯದಾಗಿದ್ದಾಗ ಕೊಯ್ದರೆ ಕಿಲೋ ಒಣ ಅಂಶಕ್ಕೆ 11 ಮೆಗಾಜೂಲ್‌ನಷ್ಟು ಶಕ್ತಿ ಸಿಗುತ್ತದೆ. ತೆನೆ ಬಂದು ಬಲಿತ ಮೇಲೆ ಕೊಯ್ದರೆ 9 ಅಥವಾ ಅದಕ್ಕೂ ಕಡಿಮೆ. ಸಸಾರಜನಕವೂ ಹಾಗೆಯೇ ಇಳಿಯುತ್ತದೆ. ಕಣ್ಣಿಗೆ ಎರಡೂ ಹುಲ್ಲೇ. ಅಜ್ಜಿಯ ಹುಲ್ಲು, ಮಳೆಯಿಂದಾಗಿ ತಡವಾಗಿ ಕೊಯ್ದದ್ದು. ಶಕ್ತಿ 9, ಸಸಾರಜನಕ ನೂರಕ್ಕೆ 8.

ಎರಡನೆಯದು, ಬೆನ್ನು ಮುಟ್ಟುವುದು. ಉಣ್ಣೆ ಮೋಸಗಾರ, ಅದರೊಳಗೆ ಎಲುಬಿನ ಹಂದರವಿದ್ದರೂ ಹೊರಗೆ ದುಂಡಗೆ ಕಾಣುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಮೇಲೆ ಬೆರಳಿಟ್ಟು ಒತ್ತಿ ನೋಡಬೇಕು. 1 ಎಂದರೆ ಎಲುಬು ಚೂಪು, 5 ಎಂದರೆ ಎಲುಬೇ ಸಿಗದಷ್ಟು ಕೊಬ್ಬು. 3ರ ಆಸುಪಾಸು ಒಳ್ಳೆಯದು. ಅಜ್ಜಿ ಕಣ್ಣು ಮುಚ್ಚಿ ಮುಟ್ಟಿ ಅಂಕೆ ಹೇಳಿದರು, ಮಗಳು ಬರೆದುಕೊಂಡಳು. ಗಬ್ಬದ ಕೊನೆಯಲ್ಲಿ ಕೊಬ್ಬಿದ ಕುರಿಯನ್ನು ಉಪವಾಸ ಹಾಕಿ ಇಳಿಸುವಂತಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅದು ಹಳ್ಳ ತಪ್ಪಿಸಿ ಬಾವಿಗೆ ಬಿದ್ದಂತೆ.

ಮೂರನೆಯದು, ಮರಿಗಳ ಎಣಿಕೆ. ಗಬ್ಬದ ಮಧ್ಯದಲ್ಲಿ ಅಲ್ಟ್ರಾಸೌಂಡ್ ಯಂತ್ರ ತರುವವರು ಒಂದೊಂದು ಕುರಿಯನ್ನೂ ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಫೆಬ್ರವರಿಯಲ್ಲಿ ಬಂದಿದ್ದರು. ಒಂದು ಮರಿಯವು ಮೂರು, ಎರಡರವು ಎಂಟು, ಮೂರರವು ಮೂರು.

ಈಗ ಲೆಕ್ಕ. 70 ಕಿಲೋ ತೂಗುವ, ಎರಡು ಮರಿಯ ಕುರಿಗೆ ಕೊನೆಯ ವಾರದಲ್ಲಿ ದಿನಕ್ಕೆ ಸುಮಾರು 16.5 ಮೆಗಾಜೂಲ್ ಬೇಕು. ಅಜ್ಜಿಯ ಬಲಿತ ಹುಲ್ಲನ್ನು ಅದು ತಿನ್ನಬಲ್ಲದು 1.2 ಕಿಲೋ ಒಣ ಅಂಶದಷ್ಟು; ಸಿಗುವುದು 10.8. ಕೊರತೆ 5.7. ಚೀಲದ ಮೇವಿನಲ್ಲಿ ಕಿಲೋಗೆ 11 ಇದ್ದರೆ, ಅರ್ಧ ಕಿಲೋಗೆ ತುಸು ಹೆಚ್ಚು ಕೊಟ್ಟರೆ ಸರಿಹೋಯಿತು. ಅದೇ ಎಳೆಯ ಹುಲ್ಲಾಗಿದ್ದರೆ? ರುಚಿಯೂ ಹೆಚ್ಚು, ಬೇಗ ಜೀರ್ಣವೂ ಆಗುತ್ತದೆ. ಒಂದೂವರೆ ಕಿಲೋ ತಿಂದು 16.5ನ್ನು ಹುಲ್ಲಿನಿಂದಲೇ ಪಡೆಯುತ್ತಿತ್ತು. ನೋಡಿ, ಒಂದೇ ಕುರಿ, ಒಂದೇ ವಾರ. ಒಂದು ಮನೆಯಲ್ಲಿ ಚೀಲ ಪ್ರಾಣ ಉಳಿಸುತ್ತದೆ, ಇನ್ನೊಂದರಲ್ಲಿ ಅದು ಬಹುಮಟ್ಟಿಗೆ ದಂಡ. ಯಾವ ಚೀಲ ಒಳ್ಳೆಯದು ಎಂಬ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರವಿಲ್ಲ. ಉತ್ತರ ನಮ್ಮ ಕೊಟ್ಟಿಗೆಯಲ್ಲಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ನಮ್ಮದೇ ಹುಲ್ಲನ್ನು ನಾವು ನೋಡಿರುವುದೇ ಇಲ್ಲ.

ಇನ್ನು ಚೀಲದ ಚೀಟಿ ಓದುವ ವಿದ್ಯೆ. ಐರೋಪ್ಯ ಒಕ್ಕೂಟದ ನಿಯಮದಂತೆ ಮಿಶ್ರಣದ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರಬೇಕು. ಹೋದ ವರ್ಷದ ಖಾಲಿ ಚೀಲವನ್ನು ಹುಡುಕಿ ಓದಿದೆವು. ಮೊದಲ ಹೆಸರು ಓಟ್ಸ್ ಹೊಟ್ಟು! ನಾವು ಹುಲ್ಲಿನ ಮೇಲೆ ಹೊಟ್ಟು ತಂದು ಸುರಿದಿದ್ದೆವು. ಮೊದಲ ಸಾಲಿನಲ್ಲಿ ಬಾರ್ಲಿ, ಓಟ್ಸ್, ಬೀಟ್ ಸಕ್ಕರೆ ತೆಗೆದ ಮೇಲಿನ ಒಣ ತಿರುಳು, ರೇಪ್ ಎಣ್ಣೆಬೀಜದ ಹಿಂಡಿ, ಬಟಾಣಿ, ಬಯಲು ಅವರೆಯಂಥ ಕಾಳು ಇಂಥವು ಇರಬೇಕು. ರೇಪ್ ಹಿಂಡಿ ನಮ್ಮ ಕಡ್ಲೆಕಾಯಿ ಹಿಂಡಿಯ ಸ್ಥಾನದಲ್ಲಿದೆ, ಸಾಸಿವೆಯ ಬಳಗ. ಬೀಟ್ ತಿರುಳು ಪಿಷ್ಟವಿಲ್ಲದ ಶಕ್ತಿ, ಹೊಟ್ಟೆಗೆ ಮೃದು.

ಮುಂದೆ 'ಕಚ್ಚಾ ಪ್ರೋಟೀನ್' ಎಂಬ ಅಂಕೆ. ಇದನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಅಳೆಯುವ ವಿಧಾನವನ್ನು 1883ರಲ್ಲಿ ಕೊಟ್ಟವನು ಪಕ್ಕದ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್. ವಿಧಾನ ಪ್ರಾಮಾಣಿಕ, ಆದರೆ ಮುಗ್ಧ. ಸಾರಜನಕ ಯಾವುದರಿಂದ ಬಂತೆಂದು ಅದು ಕೇಳುವುದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಿ ಈ ಪರೀಕ್ಷೆಯನ್ನು ವಂಚಿಸಿ, ಎಳೆಯ ಮಕ್ಕಳ ಪ್ರಾಣ ತೆಗೆದದ್ದು ನೆನಪಿರಬಹುದು. ಆದುದರಿಂದ ಅಂಕೆಯ ಜೊತೆಗೆ ಪದಾರ್ಥಗಳ ಪಟ್ಟಿಯನ್ನೂ ಓದಬೇಕು. ಹುಲ್ಲು ಬಡವಾಗಿದ್ದರೆ ಚೀಲದಲ್ಲಿ ನೂರಕ್ಕೆ 16ರಿಂದ 18 ಪ್ರೋಟೀನ್ ಬೇಕು.

ಬೆಲೆಯ ಮಾತು. ಲೆಕ್ಕಕ್ಕಾಗಿ ಮಾತ್ರ ಹೀಗೆ ಇಟ್ಟುಕೊಳ್ಳಿ: ಒಂದು ಚೀಲ ಕಿಲೋಗೆ 5 ಕ್ರೋನಾ, ಪ್ರೋಟೀನ್ ನೂರಕ್ಕೆ 12, ಇನ್ನೊಂದು 6.50 ಕ್ರೋನಾ, ಪ್ರೋಟೀನ್ 18. ಕಿಲೋ ಪ್ರೋಟೀನಿಗೆ ಮೊದಲನೆಯದರಲ್ಲಿ ಸುಮಾರು 42 ಕ್ರೋನಾ, ಎರಡನೆಯದರಲ್ಲಿ 36. ಅಗ್ಗ ಯಾವುದು? ನಮಗೆ ಕೊರತೆಯಿರುವ ವಸ್ತುವಿನ ಬೆಲೆ ಕಟ್ಟಬೇಕೇ ಹೊರತು ಚೀಲದ ಬೆಲೆಯನ್ನಲ್ಲ. ಹುಲ್ಲು ಚೆನ್ನಾಗಿದ್ದು ಶಕ್ತಿ ಮಾತ್ರ ಸ್ವಲ್ಪ ಸಾಲದಿದ್ದರೆ, ಪಕ್ಕದ ರೈತನ ಓಟ್ಸೇ ಸಾಕಾಗಬಹುದು.

ಈಗ ನಮ್ಮ ರಸಾಯನ ಶಾಸ್ತ್ರಕ್ಕೆ ಹತ್ತಿರದ ಎರಡು ಮೂಲವಸ್ತುಗಳು, ತಾಮ್ರ ಮತ್ತು ಸೆಲೆನಿಯಂ. ಎರಡರ ಕಥೆಯೂ ಫಾಲುನ್ ಗಣಿಗೆ ಹೋಗಿ ಮುಟ್ಟುತ್ತದೆ. ಶತಮಾನಗಳ ಕಾಲ ತಾಮ್ರ ಕೊಟ್ಟು 1992ರಲ್ಲಿ ಮುಚ್ಚಿದ ಆ ಗಣಿಯ ಮಣ್ಣಿನಿಂದಲೇ ಈ ದೇಶದ ಮನೆಗಳ ಕೆಂಪು ಬಣ್ಣ ಬಂದದ್ದು. ಕುರಿಗೆ ತಾಮ್ರ ಆಗಿಬರುವುದಿಲ್ಲ. ದನದಂತೆ ಅದನ್ನು ಹೊರಹಾಕಲಾರದೆ ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ. ಒಂದು ದಿನ ಅದೆಲ್ಲ ರಕ್ತಕ್ಕೆ ಬಿಡುಗಡೆಯಾಗಿ, ಕೆಂಪು ಕಣಗಳು ಒಡೆದು, ಕಾಮಾಲೆ ಬಂದು ಸಾಯುತ್ತದೆ. ಕುರಿಯ ಪೂರ್ಣ ಆಹಾರದಲ್ಲಿ ಕಿಲೋಗೆ 15 ಮಿಲಿಗ್ರಾಮ್ ಮೀರಬಾರದೆಂದು ಐರೋಪ್ಯ ನಿಯಮ. 10 ದಾಟಿದರೆ ಚೀಟಿಯಲ್ಲಿ ಎಚ್ಚರಿಕೆ ಇರಬೇಕು. ದನದ, ಹಂದಿಯ ಮೇವು ಉಳಿದಿದೆಯೆಂದು ಕುರಿಗೆ ಸುರಿಯುವುದು ಉಳಿತಾಯವಲ್ಲ, ನಿಧಾನವಾದ ವಿಷ.

ಸೆಲೆನಿಯಂ ಇದಕ್ಕೆ ತಿರುಗುಮುರುಗು. 1817ರಲ್ಲಿ ಗ್ರಿಪ್ಸ್‌ಹೋಮಿನ ಗಂಧಕಾಮ್ಲದ ಕಾರ್ಖಾನೆಯಲ್ಲಿ, ಫಾಲುನ್ ಅದಿರಿನಿಂದ ಉಳಿದ ಕೆಂಪು ಗಸಿಯಲ್ಲಿ ಬರ್ಸೀಲಿಯಸ್ ಮತ್ತು ಗಾನ್ ಅದನ್ನು ಕಂಡುಹಿಡಿದರು. ಮೊದಲು ಅದನ್ನು ಟೆಲ್ಯೂರಿಯಂ ಎಂದು ಭಾವಿಸಿದ್ದರು. ಟೆಲ್ಯೂರಿಯಂಗೆ ಭೂಮಿಯ ಹೆಸರಿದ್ದುದರಿಂದ, ಈ ತಂಗಿಗೆ ಚಂದ್ರನ ಹೆಸರು ಇಟ್ಟರು. ಸ್ವಾರಸ್ಯವೆಂದರೆ, ಸೆಲೆನಿಯಂ ಮೊದಲು ಸಿಕ್ಕಿದ ಈ ನಾಡಿನ ಹೊಲಗಳಲ್ಲಿಯೇ ಅದಕ್ಕೆ ಬರ. ಹುಲ್ಲಿನಲ್ಲಿ ಅದು ಸಾಲದೆ, ವಿಟಮಿನ್ ಈ ಕೂಡ ಕಡಿಮೆಯಾದರೆ, ಮರಿಗಳ ಮಾಂಸಖಂಡ ಬೆಳ್ಳಗೆ ಸೊರಗಿ ಎದ್ದು ನಿಲ್ಲಲಾರವು. ಆದರೆ ಹೆಚ್ಚಾದರೆ ಇದೂ ವಿಷವೇ. ಪೂರ್ಣ ಆಹಾರದಲ್ಲಿ ಕಿಲೋಗೆ ಅರ್ಧ ಮಿಲಿಗ್ರಾಮ್ ಮಿತಿ. ಚೀಲದಲ್ಲಿ ಸೇರಿಸಿದ್ದಾರೆಯೇ ಎಂದು ನೋಡದೆ ಖನಿಜದ ಪುಡಿ ಬೇರೆ, ಗುಳಿಗೆ ಬೇರೆ ಕೊಡಬಾರದು.

ಹೀಗೆ ಎಲ್ಲ ಕೂಡಿಸಿ, 42 ದಿನಕ್ಕೆ ಎಷ್ಟು ಬೇಕೆಂದು ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಹಾಕಿದೆವು. ಎರಡು ಮರಿಯವಕ್ಕೆ ಸರಾಸರಿ ದಿನಕ್ಕೆ 350 ಗ್ರಾಮ್, ಮೂರರವಕ್ಕೆ 500, ಒಂದರವಕ್ಕೆ 150. ಒಟ್ಟು 200 ಕಿಲೋ; ಇಪ್ಪತ್ತು ಕಿಲೋದ ಹತ್ತು ಚೀಲ. ಕುರಿಗಾಗಿಯೇ ಮಾಡಿದ, 18ರ ಪ್ರೋಟೀನಿನ, ತಾಮ್ರ ಸೇರಿಸದ, ಸೆಲೆನಿಯಂ ಸೇರಿಸಿದ ಮೇವು. ಈದ ಮೇಲೆ ಹಾಲಿಗೆ ಬೇಕಾದದ್ದು ಬೇರೆ ಲೆಕ್ಕ. ಒಮ್ಮೆಗೇ ಕೊಂಡರೂ ಒಮ್ಮೆಗೇ ಕೊಡುವಂತಿಲ್ಲ. ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಹೊಸ ಅಡುಗೆ ಒಗ್ಗಲು ವಾರಗಳು ಬೇಕು. ದಿನಕ್ಕೆ 100 ಗ್ರಾಮಿನಿಂದ ಶುರು ಮಾಡಿ ವಾರವಾರ ಏರಿಸಬೇಕು. ಒಂದು ಹೊತ್ತಿಗೆ ಅರ್ಧ ಕಿಲೋ ಮೀರದಂತೆ ಎರಡು ಹೊತ್ತಾಗಿ ಹಂಚಬೇಕು. ಗೋದಲಿಯಲ್ಲಿ ಒಂದು ಕುರಿಗೆ 45 ಸೆಂಟಿಮೀಟರ್ ಜಾಗ ಬಿಡಬೇಕು. ಇಲ್ಲದಿದ್ದರೆ ಪಂಕ್ತಿಯೂಟದಲ್ಲಿ ಆಗುವಂತೆ ಜೋರಿನವರು ಎರಡು ಸಲ ಬಡಿಸಿಕೊಂಡು, ಸಂಕೋಚದವರು ಎಲೆ ನೋಡುತ್ತಾ ಕೂರುತ್ತಾರೆ. ಹೋದ ವರ್ಷ ಸತ್ತದ್ದು ಅಂಥ ಸಂಕೋಚದ ಕುರಿಯೇ. ಬೂಷ್ಟು ಹಿಡಿದ ಮೇವನ್ನಂತೂ ಎಷ್ಟು ದುಡ್ಡು ಕೊಟ್ಟಿದ್ದರೂ ಎಸೆಯಬೇಕು.

ಒಂದು ಎಚ್ಚರಿಕೆ, ಇದು ಸದಸ್ಯ ಕುಟುಂಬಗಳಿಗೆ. ವಸಂತದಲ್ಲಿ ಮಕ್ಕಳಿಗೆ ಮರಿ ತೋರಿಸಲು ಜಮೀನುಗಳಿಗೆ ಹೋಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಗರ್ಭಿಣಿಯರು ಈಯುವ ಕುರಿಗಳ ಹಾಗೂ ಹೊಸ ಮರಿಗಳ ಬಳಿ ಹೋಗಬಾರದು. ಕುರಿಗಳಿಗೆ ಗರ್ಭಪಾತ ಮಾಡಿಸುವ ಕೆಲವು ಸೋಂಕುಗಳು ಮನುಷ್ಯರಿಗೂ ಅಂಟುತ್ತವೆ. ಮಿಕ್ಕವರು ಕೈ ತೊಳೆದುಕೊಂಡೇ ತಿಂಡಿ ಡಬ್ಬಿ ತೆಗೆಯಿರಿ.

ಮಗಳಿಗೆ ಉತ್ತರ ಹೇಳಿದೆವು: ಹುಲ್ಲು ಇತ್ತು, ಹುಲ್ಲಿನೊಳಗೆ ಊಟ ಇರಲಿಲ್ಲ, ನಾವು ಬಣವೆ ನೋಡಿದೆವು, ಕುರಿಯನ್ನು ನೋಡಲಿಲ್ಲ. ಅವಳು ಒಪ್ಪಿದಳು. ಆಮೇಲೆ ಗೋದಲಿಯ ಪಕ್ಕ ಕುರಿಗಳ ಹೆಸರು, ಬೆನ್ನಿನ ಅಂಕೆ, ಮರಿಗಳ ಸಂಖ್ಯೆ ಬರೆದ ರಟ್ಟು ತೂಗುಹಾಕಿದಳು. ಕೊನೆಯ ಸಾಲಿನಲ್ಲಿ ಕನ್ನಡದಲ್ಲಿ 'ಉಸಿರು ಮೂಸಿ ನೋಡಬೇಕು' ಎಂದಿದೆ. ಅಜ್ಜಿಗೆ ಅದರ ಅರ್ಥ ಹೇಳಿದ್ದೇವೆ.

ಸ್ವೀಡಿಷ್ ಭಾಷೆಯಲ್ಲಿ ಹೆಣ್ಣು ಕುರಿಗೆ 'ತಕ್ಕಾ' ಎನ್ನುತ್ತಾರೆ. ವಂದನೆ ಹೇಳುವುದಕ್ಕೂ ಅದೇ ಪದ. ಹತ್ತು ಚೀಲ ಇಳಿಸಿದಾಗ ಅಜ್ಜಿ ಅದನ್ನು ಹೇಳಿದರು. ನಾವು ಇನ್ನೂ ಸ್ವೀಕರಿಸಿಲ್ಲ. ಏಪ್ರಿಲ್ ನಡುವಿನಲ್ಲಿ ಹದಿನಾಲ್ಕು ತಾಯಂದಿರು ಎದ್ದು ನಿಂತು ಮರಿ ನೆಕ್ಕುವುದನ್ನು ಕಂಡ ಮೇಲೆ ಸ್ವೀಕರಿಸೋಣವೆಂದಿದ್ದೇವೆ. ಎಣಿಕೆಯನ್ನು ಮುಂದಿನ ಸಂಚಿಕೆಯಲ್ಲಿ, ಸಾಬೂನಿನ ಜೊತೆಗೆ, ತಪ್ಪದೆ ತಿಳಿಸುತ್ತೇವೆ. ಎಲ್ಲರಿಗೂ ಯುಗಾದಿಯ ಶುಭಾಶಯಗಳು.